ಟೋಪಿ ಹಾಕಿದ ಮೊಸಳೆ

ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಪಾಠ ಹೇಳಿ ಮುಗಿಸಿ, ಪಾಂಡವಪುರದಲ್ಲಿ ಬಸ್ಸು ಬದಲಿಸಿ, ಶ್ರೀರಂಗಪಟ್ಟಣದ ಪಕ್ಕದ ನಮ್ಮೂರು ಸೇರುವಷ್ಟರಲ್ಲಿ ನನಗೆ ಮಾತಾಡುವ ತ್ರಾಣವೂ ಉಳಿಯುತ್ತಿರಲಿಲ್ಲ. ಆ ವರ್ಷ ಮನೆಯಲ್ಲಿ ಇನ್ನೊಂದು ಕೆಲಸ ಕಾದಿರುತ್ತಿತ್ತು: ಅಪ್ಪನ ಬಲಗೈ.

ಲಕ್ವ ಹೊಡೆದ ಮೇಲೆ ಮಾತು ಬಂತು, ಕಾಲು ಬಂತು. ಕೈ ಮಾತ್ರ ತೊಡೆಯ ಮೇಲೆ ಯಾರದೋ ಸಾಮಾನಿನ ಹಾಗೆ ಬಿದ್ದಿರುತ್ತಿತ್ತು; ಹೆಬ್ಬೆರಳು ಒಂದಿಷ್ಟು ಅಲುಗುತ್ತಿತ್ತು, ಅಷ್ಟೆ. ನಮ್ಮ ಹಸು ತುಂಬು ಗಬ್ಬ. ಅದು ಅಪ್ಪನ ಕೈಗಲ್ಲದೆ ಬೇರೆಯವರಿಗೆ ಹಾಲು ಕೊಟ್ಟದ್ದೇ ಇಲ್ಲ. ಅಮ್ಮನ ಬೆರಳುಗಳು ಆಗಲೇ ಗಂಟುಕಟ್ಟಿದ್ದವು.

"ಕರ ಹಾಕೋ ಹೊತ್ಗೆ ಕೈ ಬರ್ನಿಲ್ಲ ಅಂದ್ರೆ ಹಸ ನಿಮ್ಮತ್ತೆ ಮನೆಗೆ ಹೊಡ್ದುಬುಡಾದೆಯ," ಎಂದು ಅಮ್ಮ ನನಗೆ ಹೇಳಿದ್ದಳು, ಅಪ್ಪನಿಗೆ ಕೇಳುವ ಹಾಗೆ. ಅಪ್ಪ ಆ ದಿನ ಊಟ ಮಾಡಲಿಲ್ಲ.

ನಾಗಮಂಗಲದ ಕಡೆಯ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟಿದ್ದಳು. "ನಾನೇನ್ ಕೂಸಾ?" ಎಂದು ಅಪ್ಪ ಅದನ್ನು ಕೊಟ್ಟಿಗೆಗೆ ಎಸೆದ. ನನ್ನ ಜೊತೆ ಪಾಠ ಮಾಡುವವರೊಬ್ಬರು, ಅವರ ಮಕ್ಕಳು ಆಡಿ ಬಿಟ್ಟಿದ್ದ ಗೇಮಿನ ಪೆಟ್ಟಿಗೆಯನ್ನು ಕೊಟ್ಟರು. ಟಿವಿಗೆ ಸಿಕ್ಕಿಸಿದೆ. ಅದರ ರಿಮೋಟಿನ ಗುಂಡಿಯನ್ನು ಬಲ ಹೆಬ್ಬೆರಳಲ್ಲಿ ಒತ್ತಿದರೆ ಒಬ್ಬ ಕುಳ್ಳ ಹಾರುತ್ತಾನೆ. ಹಡಗಿನ ಹಲಗೆಗಳ ಮೇಲೆ ಎದುರಾಗುವುದು ಮೊಸಳೆ: ತಲೆಗೆ ಕಡಲ್ಗಳ್ಳರ ಟೋಪಿ, ಸೊಂಟದಲ್ಲಿ ಕತ್ತಿ. ಅದರ ತಲೆ ತುಳಿದರೆ ಮಾತ್ರ ದಾರಿ.

ಅಪ್ಪ ಹಳ್ಳಕೊಳ್ಳವೆಲ್ಲ ಹಾರಿದ. ಮೊಸಳೆಯ ಮುಂದೆ ನಿಂತುಬಿಟ್ಟ. ಕುಳ್ಳ ಸತ್ತ.

"ತಲೆ ಮೇಲೆ ಹಾರಪ್ಪ!"

"ಗಂಗಮ್ಮನ ವಾಹ್ನ ಕಣಮ್ಮಿ. ಕಾಲಿಡು ಅಂತೀಯಲ್ಲ."

"ಅದು ಕಳ್ಳ. ಟೋಪಿ ನೋಡು, ಕತ್ತಿ ನೋಡು."

"ಟೋಪಿ ಹಾಕ್ದೇಟ್ಗೆ ಮೊಸ್ಳೆ ಅಲ್ದೆ ಓಯ್ತದಾ?"

ನಮ್ಮ ಗದ್ದೆ ಹೊಳೆ ದಂಡೆಯಲ್ಲಿದೆ. ಬಂಡೆ ಮೇಲೆ ಬಿಸಿಲು ಕಾಯಿಸುವ ಮೊಸಳೆಗೆ ದೂರದಿಂದಲೇ ಕೈಮುಗಿದು ದನಕ್ಕೆ ನೀರು ಕುಡಿಸುವ ಮನೆತನ ನಮ್ಮದು. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅದರ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಆದರೆ ದಿನವೆಲ್ಲ ತರಗತಿಯಲ್ಲಿ ಕಿರುಚಿ ಬಂದವಳಿಗೆ ಮೊಸಳೆಯ ವಿಷಯದಲ್ಲಿ ವಾದ ಮಾಡುವ ಶಕ್ತಿ ಇರಲಿಲ್ಲ.

"ಬೇಡ ಬುಡು. ನಾಳೆ ವಾಪಸ್ ಕೊಟ್ಬುಡ್ತೀನಿ," ಎಂದೆ.

ಅಪ್ಪ ಕೊಟ್ಟಿಗೆಯ ಕಡೆ ನೋಡಿದ. ಹಸು ಮೆಲುಕು ಹಾಕುತ್ತಿತ್ತು. ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡು, ತುಟಿ ಕಚ್ಚಿ ಗುಂಡಿ ಒತ್ತಿದ. ಕುಳ್ಳ ಮೊಸಳೆಯ ತಲೆಗೆ ಹಾರಿದ. ಮರುಗಳಿಗೆಯಲ್ಲೇ ಅಪ್ಪ ರಿಮೋಟನ್ನು ಮಡಿಲಿಗೆ ಹಾಕಿಕೊಂಡು ಎಡಗೈ ಎತ್ತಿದ, ತಡೆದ, ಕೆಳಗಿಳಿಸಿದ. ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಅದಕ್ಕೆ ಎಡಗೈ ಸಲ್ಲದು. ಎಡಗೈಯಲ್ಲಿ ಬಲಮೊಣಕೈಯನ್ನು ಎತ್ತಿ ಹಿಡಿದು, ಬೆರಳನ್ನು ಪರದೆಗೆ ತಾಗಿಸಿ, ತಲೆಯನ್ನೇ ಬಗ್ಗಿಸಿ ಕಣ್ಣಿಗೆ ಒತ್ತಿಕೊಂಡ. ಅಷ್ಟರಲ್ಲಿ ಕುಳ್ಳ ಮತ್ತೆ ಸತ್ತಿದ್ದ.

ಆಟವನ್ನು ನಡುನಡುವೆ ನಿಲ್ಲಿಸುವ ಗುಂಡಿ ತೋರಿಸಿಕೊಟ್ಟು ನಾನು ಮಲಗಿಬಿಟ್ಟೆ.

ಆ ಆಟದಲ್ಲಿ ಹಲಗೆಗೊಂದು ಮೊಸಳೆ. ತುಳಿ, ನಿಲ್ಲಿಸು, ಮುಟ್ಟು, ಕಣ್ಣಿಗೊತ್ತು. ಅಡುಗೆಮನೆಯಿಂದ ಅಮ್ಮ, "ತುಳ್ಯಾದೂ ನೀನೆ, ಕೈ ಮುಗ್ಯಾದೂ ನೀನೆ. ಆ ಕಳ್ನೇ ವಾಸಿ," ಎಂದು ಚುಚ್ಚುತ್ತಿದ್ದಳು. ನಾನು ಟೀ ಹಿಡಿದುಕೊಂಡೇ ತೂಕಡಿಸುತ್ತಿದ್ದೆ. ಹಾಗೆ ತೂಕಡಿಸುತ್ತಿದ್ದ ಒಂದು ಸಂಜೆ ಕಣ್ಣು ಬಿಟ್ಟರೆ, ಅಪ್ಪನ ಎಡಗೈಯಲ್ಲಿ ರಿಮೋಟಿತ್ತು. ಬಲಗೈ ಎಡಗೈಯ ಆಸರೆಯಿಲ್ಲದೆ, ತಾನೊಂದೇ, ಕಣ್ಣಿನ ತನಕ ಹೋಗಿತ್ತು. ಅವನಿಗೇ ಅದು ಗೊತ್ತಿದ್ದಂತಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಳಗೆ ಒಗ್ಗರಣೆ ಸೀದ ವಾಸನೆ.

ಹಸು ಒಂದು ಬೆಳಗಿನ ಜಾವ ಕರು ಹಾಕಿತು. ಅಪ್ಪ ಕುಕ್ಕರುಗಾಲಲ್ಲಿ ಕೂತು, ಹಸುವಿನ ಮೈ ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಕೆಚ್ಚಲಿಗೆ ಕೈ ಹಾಕಿದ. ಹಸು ಒದೆಯಲಿಲ್ಲ. ಎಡಗೈಯಲ್ಲಿ ಗಿಣ್ಣುಹಾಲು ಸರಸರ ಇಳಿಯಿತು. ಬಲಗೈಯಲ್ಲಿ ಸಣ್ಣ ಎಳೆ, ಅದರಲ್ಲಿ ಅರ್ಧ ಚೊಂಬಿನ ಹೊರಗೆ.

"ಬಂತಾ ಕೈಯಿ?" ಅಮ್ಮ ಕೇಳಿದಳು.

"ಬತ್ತಾ ಅದೆ. ನನ್ ತಂಗಿಗೆ ಹಸ ಹೊಡ್ಕೊಂಡೋಗು ಅಂತ ಯೋಳ್ಬುಟ್ಟೀಯ, ಉಸಾರು."

ಅಮ್ಮ ಚೊಂಬನ್ನು ಅವನ ಬಲಗೈಯ ಕಡೆಗೆ ಸರಿಸಿದಳು.

ನಾನು ಹಿಡಿಯಬೇಕಿದ್ದ ಮೊದಲನೇ ಬಸ್ಸು ಹಾರನ್ ಹೊಡೆಯುತ್ತಾ ಊರ ಮುಂದೆ ಹಾದುಹೋಯಿತು. ಓಡಲಿಲ್ಲ ನಾನು. ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತೇ ಇದ್ದೆ.