ತೊಳೆದು ತಿಂದ ಡಬ್ಬಿ ಮೀನು

ಅರಸೀಕೆರೆಯ ರೈಲು ನಿಲ್ದಾಣದ ಎದುರು ಅಂಗಡಿ ಇಟ್ಟಿರುವ ನನ್ನ ತಮ್ಮ ಒಂದು ಭಾನುವಾರ ಮಸಾಲೆ ಮೀನಿನ ಎರಡು ಡಬ್ಬಿ ಹಿಡಿದು ಜಾವಗಲ್ಲಿನ ನಮ್ಮ ಮನೆಗೆ ಬಂದ. ಎರಡರಲ್ಲೂ ಬೂತಾಯಿ ಮೀನೇ, ಕಂಪನಿ ಮಾತ್ರ ಬೇರೆ. ಅಂಗಡಿಗೆ ಯಾವುದನ್ನು ತರಿಸಬೇಕೆಂದು ನಾನು ರುಚಿ ನೋಡಿ ಹೇಳಬೇಕಿತ್ತು. ಮೀನಿನ ವಿಷಯದಲ್ಲಿ ನಮ್ಮಲ್ಲಿ ನಾನು ಹೇಳಿದ್ದೇ ಕೊನೆ.

ಬಿಸಿ ಮುದ್ದೆಯ ಜೊತೆ ಎರಡನ್ನೂ ತಿಂದೆವು. ಮೊದಲನೆಯದರಲ್ಲಿ ಖಾರ ಕಡಿಮೆ, ಹುಣಸೆಯ ಹುಳಿ ಮುಂದು. ಎರಡನೆಯದರಲ್ಲಿ ಲವಂಗ, ಮೆಣಸು ಘಮ್ಮೆನ್ನುತ್ತಿದ್ದವು. ತಮ್ಮ ಅದನ್ನೇ ಮತ್ತೆ ಮತ್ತೆ ಹಾಕಿಸಿಕೊಂಡ.

"ಇದೇ ಕಣಕ್ಕ. ಏನ್ ಘಮ ಐತೆ!"

ನಾನು ಎರಡರಿಂದಲೂ ಒಂದೊಂದು ತುಂಡು ತೆಗೆದು, ಮಸಾಲೆಯೆಲ್ಲ ಹೋಗುವಂತೆ ನಲ್ಲಿಯ ಕೆಳಗೆ ತೊಳೆದು ಅವನ ತಟ್ಟೆಗೆ ಹಾಕಿದೆ. ಮೊದಲನೆಯದು ಗಟ್ಟಿಯಾಗಿತ್ತು, ರುಚಿಯೂ ಇತ್ತು. ಎರಡನೆಯದು ಬೆರಳಲ್ಲೇ ಹಿಟ್ಟಾಯಿತು. ಬಾಯಿಗಿಟ್ಟವನು ಮುಖ ಕಿವುಚಿದ.

ಆದರೂ ವಾದಕ್ಕೆ ನಿಂತ. "ಗಿರಾಕಿಗಳೇನು ತೊಳ್ಕೊಂಡು ತಿಂತಾರಾ ಅಕ್ಕ?"

"ಮೊದಲ್ನೇ ಸಲ ಮಸಾಲೆಗೆ ತಗೋತಾರೆ ಕಣೋ. ಎರಡ್ನೇ ಸಲ ಬರೋದು ಮೀನಿಗೆ."

ಅರೆಮನಸ್ಸಿನಿಂದಲೇ ಮೊದಲನೆಯದನ್ನು ತರಿಸಿದ. ಶುರುವಿನಲ್ಲಿ ವ್ಯಾಪಾರ ನಿಧಾನವಾದಾಗ ಫೋನು ಮಾಡಿ ಗೊಣಗಿದ. ನಾನು ಜಗ್ಗಲಿಲ್ಲ. ಈಗ ರೈಲು ಹತ್ತುವವರು ಆ ಡಬ್ಬಿಯನ್ನೇ ಹೆಸರು ಹಿಡಿದು ಕೇಳುತ್ತಾರಂತೆ. ಖಾರ ಸಾಲದು ಅನ್ನುವವರೂ ಇದ್ದಾರೆ. ಅವರ ಮಾತು ನಿಜ. ನಾನೂ ಮನೆಯಲ್ಲಿ ಅದಕ್ಕೆ ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟೇ ಬಡಿಸುವುದು.