ಕಾಕಾನ ತ್ವಾಟದಾಗ ಸ್ಪ್ಯಾನಿಷ್ ಕತ್ತರಿ

ನಂಬೂದಿಲ್ಲ ಅಂದ್ರ ನಂಬಬ್ಯಾಡ್ರಿ, ಆದರ ಐನಾಪುರದ ದ್ರಾಕ್ಷಿ ತ್ವಾಟದಾಗ ನಿಂತು ಸ್ಪ್ಯಾನಿಷ್ ಮಾತಾಡಿದ ಗಂಡು ನಾನೊಬ್ಬನೇ. ಎರಡು ವರ್ಷ ಫೋನಿನಾಗ ಕಲಿತೀನಿ.

ನಮ್ಮ ಕಾಕಾನ ತ್ವಾಟ ನೋಡಾಕ ಸ್ಪೇನಿನಿಂದ ಒಬ್ಬ ದ್ರಾಕ್ಷಿ ಬೆಳೆಗಾರ್ತಿ ಬಂದಿದ್ದರು. ಬಳ್ಳಿಗೆ ಗೊಂಚಲ ಹೆಚ್ಚಾಗ್ಯಾವ, ಅರ್ಧ ತೆಗೀದಿದ್ರ ಈ ಸಲದ ಬೆಳಿ ಸಣ್ಣ ಕಾಳಾಗೇ ಉಳೀತೈತಿ ಅಂತ ಅವರು ನೋಡಿದ ಕೂಡಲೇ ಹೇಳಿದರು. ಕಾಕಾನ ಕಡೆ ತಿರುಗಿ "ಕಿಯೆರೊ ಕೆ ಕೊರ್ತೆ" ಅಂದರು.

ನಾ ಎದಿ ಉಬ್ಬಿಸಿ ಹೇಳಿದೆ, "ಕಾಕಾ, ಅರ್ಧ ಗೊಂಚಲ ಕತ್ತರಿಸು ಅಂತಾರ."

ಕಾಕಾ ಟೊಪ್ಪಿಗಿ ಸರಿಮಾಡಿಕೊಂಡ. "ಲೇ, ನನ್ನ ತ್ವಾಟದಾಗ ನನಗ ಹುಕುಂ ಮಾಡಾಕ ಇವರ್ಯಾರು? ಚಹಾ ಕುಡಿಸಿ ಕಳಸು."

ಕಾಕಾ ಸಿಟ್ಟಾಗ್ಯಾನ ಅಂತ ಅವರಿಗೆ ತಿಳಿಸಿದೆ. ಅವರು ನಕ್ಕು ಬಿಡಿಸಿ ಹೇಳಿದರು. 'ಕಿಯೆರೊ ಕೆ' ಅಂದ್ರ 'ನನ್ನ ಆಸೆ ಏನಂದ್ರ' ಅಂತ. ಕತ್ತರಿಸ್ತಾರ ಅನ್ನಾಕ 'ಕೊರ್ತಾ' ಅನ್ನಬೇಕು. ಒಬ್ಬರಿಂದ ಏನರೆ ಬಯಸಿದಾಗ, ಬೇಡಿದಾಗ, ಹುಕುಂ ಮಾಡಿದಾಗ ಸೈತ, ಅದು 'ಕೊರ್ತೆ' ಆಗಬೇಕು. ಕೆಲಸ ಇನ್ನೂ ಆಗಿಲ್ಲ, ಮಾಡೂದು ಬಿಡೂದು ಎದುರಿನವರ ಕೈಯಾಗೈತಿ ಅಂತ. ಎಂಥಾ ಮರ್ಯಾದಿ ಭಾಷಾ ರೀ ಅದು! ಫೋನಿನಾಗ ಆ ಪಾಠ ನಾ ಹಾರಿಸಿಬಿಟ್ಟಿದ್ದೆ.

"ಕಾಕಾ, ನೀ ಕತ್ತರಿಸಿದ್ರ ಚೊಲೋ ಅಂತ ಅವರ ಆಸೆ. ತ್ವಾಟ ನಿಂದು, ಮಾಡೂದು ಬಿಡೂದು ನಿನ್ನ ಕೈಯಾಗೈತಿ."

"ಹಂಗ ಹೇಳು ಮತ್ತ!" ಅಂದವನೇ ಕಾಕಾ ಅವರ ಕೈಯಾಗಿನ ಕತ್ತರಿ ಇಸಕೊಂಡು ಮೊದಲ ಗೊಂಚಲ ತಾನೇ ಕತ್ತರಿಸಿದ. ಸಂಜಿತನ ಕತ್ತರಿ ಕೆಳಗ ಇಡಲಿಲ್ಲ.

ಹೊರಡುವಾಗ ಅವರು ಕತ್ತರಿ ಒರೆಸಿ ಮುಂದ ಹಿಡಿದರು. ಕಾಕಾ ಕೈ ಚಾಚಿದ. ಅವರು ಕತ್ತರಿ ನನಗ ಕೊಟ್ಟು, "ಗೊಂಚಲ ಕತ್ತರಿಸಿದ್ದು ಅವರು, ಕತ್ತರಿಸೂ ಹಂಗ ಮಾಡಿದ್ದು ನಿನ್ನ ಮಾತು" ಅಂದರು.