ಪರಸ್ತಾನದ ಗಂಟು

ಒಣಕೊಬ್ಬರಿ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಕಮಟು ವಾಸನೆ ಮುಖಕ್ಕೆ ಹೊಡೆಯಿತು. ಯಾವಾಗಲೋ ತಂದಿಟ್ಟು ಮರೆತ ಎರಡು ಬಟ್ಟಲು ಹಳದಿ ತಿರುಗಿ ಕೂತಿದ್ದವು. ಎಸೆಯಬೇಕೆಂದು ಕೈಯಲ್ಲಿ ಹಿಡಿದವಳು ಹಾಗೇ ನಿಂತುಬಿಟ್ಟೆ. ಆ ವಾಸನೆಯ ಜೊತೆಗೆ ಇನ್ನೂ ಎರಡು ವಾಸನೆ ಬರಬೇಕಿತ್ತು. ಅರಿಶಿನ ಕೊಂಬಿನದೊಂದು, ನುಸಿ ಗುಳಿಗೆಯದೊಂದು. ಮೂರೂ ಕೂಡಿದರೆ ಅದು ಟೆಲಿಫೋನ್ ಅಕ್ಕನ ಗಂಟು...

ಊರು ಬಿಡುವುದೋ ಇಲ್ಲವೋ ಇನ್ನೂ ನಿಶ್ಚಯವಾಗಿರಲಿಲ್ಲ, ನಾನು ಆಗಲೇ ಅಡುಗೆಮನೆಯ ಡಬ್ಬಿಗಳನ್ನು ಖಾಲಿ ಮಾಡುತ್ತಿದ್ದೆ. ವಾರದಿಂದ ನನ್ನದು ಇದೇ ಹಣೆಬರಹ. ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯೊಳಗೆ ತಿರುಗುವುದು, ಒಂದು ಕೆಲಸ ಹಿಡಿದು ಇನ್ನೊಂದಕ್ಕೆ ಕೈ ಹಾಕುವುದು. ನಾನು ಸಂಡೂರು ರಸ್ತೆಯ ಒಂದು ಲ್ಯಾಬಿನಲ್ಲಿ ಅದಿರು ಪರೀಕ್ಷೆ ಮಾಡುವವಳು. ಗಣಿಯಿಂದ ಬರುವ ಕೆಂಪು ಪುಡಿಯಲ್ಲಿ ಕಬ್ಬಿಣ ಎಷ್ಟಿದೆ, ಕಸ ಎಷ್ಟಿದೆ ಎಂದು ನೋಡಿ ಹೇಳುವುದು ನನ್ನ ಕೆಲಸ. ನಮ್ಮ ಕಂಪನಿಯವರು ವಿಶಾಖಪಟ್ಟಣದ ಬಂದರಿನ ಹತ್ತಿರ ಹೊಸ ಲ್ಯಾಬು ತೆರೆಯುತ್ತಿದ್ದಾರೆ. ಅದರ ಯಜಮಾನಿಕೆ ನೀವೇ ವಹಿಸಿಕೊಳ್ಳಿ ಎಂದಿದ್ದಾರೆ. ಸೋಮವಾರದೊಳಗೆ ಉತ್ತರ ಹೇಳಬೇಕು.

ನನ್ನ ಗಂಡನದು ಮರಿಯಮ್ಮನಹಳ್ಳಿಯಲ್ಲಿ ಲಾರಿ ಬಿಡಿಭಾಗಗಳ ಅಂಗಡಿ. ಅದನ್ನು ಬಿಟ್ಟು ಬರುವ ಮಾತೇ ಇಲ್ಲ. ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದಾಳೆ. ಹೋದರೆ ನಾನೊಬ್ಬಳೇ ಹೋಗಬೇಕು, ತಲೆ ನೆರೆಯುವ ಹೊತ್ತಿಗೆ ಒಂದು ಸಂಸಾರ ಎರಡು ಊರಾಗಬೇಕು. ಹೋಗದಿದ್ದರೆ, ನಾನೇ ಕೆಲಸ ಕಲಿಸಿದ ಹುಡುಗ ಅಲ್ಲಿಗೆ ಹೋಗುತ್ತಾನೆ. ನಾನು ಇಲ್ಲೇ ಜರಡಿ ಹಿಡಿದುಕೊಂಡು ಫೋನಿನಲ್ಲಿ ಅವನಿಗೆ "ಹ್ಞೂಂರಿ ಸರ್" ಅನ್ನಬೇಕು. ಅದನ್ನು ನೆನೆಸಿಕೊಂಡರೆ ಸಹಿಸಲಾಗುವುದಿಲ್ಲ, ಯಾಕೆ ಸುಳ್ಳು ಹೇಳಲಿ.

"ನೀ ಹೆಂಗ ಅಂತಿ ಹಂಗ" ಎನ್ನುತ್ತಾರೆ ನನ್ನ ಗಂಡ. ಒಳ್ಳೆಯ ಮಾತೇ. ಬೇರೆ ಹೆಂಗಸರು ಕೇಳಿದರೆ ನಿನ್ನ ಪುಣ್ಯ ದೊಡ್ಡದು ಅಂದಾರು. ನನಗೆ ಮಾತ್ರ ಅದನ್ನು ಕೇಳಿದಾಗಲೆಲ್ಲ ಸಿಟ್ಟು ನೆತ್ತಿಗೇರುತ್ತದೆ.

ಟೆಲಿಫೋನ್ ಅಕ್ಕ ನಮ್ಮ ಪಕ್ಕದ ಮನೆಯವಳು. ಹೊಸಪೇಟೆಯ ಕಾಲುವೆ ದಂಡೆಯ ಈ ಓಣಿಯಲ್ಲಿ, ನಮ್ಮ ಅವ್ವನ ಈ ಮನೆಗೆ ಪೂರ್ವಕ್ಕೆ ಅಂಟಿಕೊಂಡಂತೆ ಎರಡು ಕೋಣೆಯ ಬಾಡಿಗೆ ಮನೆ ಇತ್ತು. ಅದರಲ್ಲಿ ಒಬ್ಬಳೇ ಇದ್ದಳು. ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು. ಯಾರು ಯಾವ ಊರಿಗೆ ಮಾತಾಡಬೇಕೆಂದರೂ ಅವಳು ವೈರು ಚುಚ್ಚಿ ಲೈನು ಕೊಡಬೇಕಿತ್ತು. ಕಿವಿಗೆ ಹಾಕಿಕೊಳ್ಳುವ ಆ ಕಬ್ಬಿಣದ ಪಟ್ಟಿಯಿಂದ ಅವಳ ತಲೆಯ ಮೇಲೆ ಕೂದಲು ಒತ್ತಿ ಒಂದು ಗೆರೆ ಬಿದ್ದಿರುತ್ತಿತ್ತು, ಎಣ್ಣೆ ಹಚ್ಚಿ ಬಾಚಿದರೂ ಹೋಗುತ್ತಿರಲಿಲ್ಲ. ಕಂಪ್ಲಿಯ ಅಕ್ಕಿ ಗಿರಣಿಯವರು ಟ್ರಂಕ್ ಕಾಲಿನಲ್ಲಿ ಹೇಗೆ ಕೂಗುತ್ತಾರೆ, ಯಾವ ಡಾಕ್ಟರು ಹೆಂಡತಿಯ ಮುಂದೆ ಹೇಗೆ ಮೆತ್ತಗಾಗುತ್ತಾರೆ ಎಂದು ಅವ್ವನ ಮುಂದೆ ಮಾಡಿ ತೋರಿಸುತ್ತಿದ್ದಳು. ಹೆಸರು ಮಾತ್ರ ಹೇಳುತ್ತಿರಲಿಲ್ಲ. ಅವ್ವ ಎಷ್ಟು ಪೀಡಿಸಿದರೂ "ಲೈನ್ ಬಿಜಿ ಐತ್ರಿ" ಅನ್ನುತ್ತಿದ್ದಳು.

ಅವಳ ತವರು ಕಂಪ್ಲಿ ಹತ್ತಿರದ ಎಮ್ಮಿಗನೂರು. ಅಲ್ಲಿ ಸೋದರಮಾವನಿಗೆ ಕೊಡುವುದೆಂದು ಹುಟ್ಟಿದಾಗಲೇ ಮಾತಾಗಿತ್ತಂತೆ. ಮದುವೆ ಗೊತ್ತಾದ ಮೇಲೆ ಒಂದು ಚೀಲ ಹಿಡಿದು ಬಸ್ಸು ಹತ್ತಿ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆ ಕಾಲಕ್ಕೆ ಅದೇನು ಸಣ್ಣ ಮಾತಲ್ಲ. ಓಣಿಯಲ್ಲಿ ಅವಳಿಗೆ ಅದರದೇ ಒಂದು ಗತ್ತು ಇತ್ತು. ಹೆಣ್ಣುಮಕ್ಕಳನ್ನು ಬೈಯುವವರು "ಇಕಿ ಏನು ಟೆಲಿಫೋನ್ ಅಕ್ಕ ಆಗ್ತಾಳಂತ" ಅನ್ನುತ್ತಿದ್ದರು. ನಮಗೆಲ್ಲ ಅದು ಬೈಗುಳ ಅನ್ನಿಸುತ್ತಲೇ ಇರಲಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಎಕ್ಸ್‌ಚೇಂಜಿಗೆ ಮಶೀನು ಬಂತು. ಇನ್ನು ಲೈನು ಕೊಡುವವರು ಬೇಡ. ಬೆಳಗಾವಿಗೆ ಹೋದರೆ ಸೂಪರ್‌ವೈಸರ್ ಮಾಡುತ್ತೇವೆ, ಇಲ್ಲೇ ಇದ್ದರೆ ಕಿಟಕಿಯಲ್ಲಿ ಕೂತು ದೂರು ಬರೆದುಕೊಳ್ಳಬೇಕು ಎಂದರು. ಅಕ್ಕ ಯೋಚನೆಯನ್ನೇ ಮಾಡಲಿಲ್ಲ, "ಹೋಗ್ತೀನಿ" ಎಂದಳು. ಅವಳಲ್ಲದೆ ಇನ್ಯಾರು ಹೋಗುತ್ತಾರೆ ಎಂದು ಓಣಿಯೂ ಹೇಳಿತು.

ಪಂಚಾಂಗ ಹೇಳುವ ಐನೋರು ಹೊರಡಲು ಒಳ್ಳೆಯ ದಿನ ನೋಡಿಕೊಟ್ಟರು. ಆದರೆ ಅಷ್ಟು ಬೇಗ ಹೊರಡುವಂತಿರಲಿಲ್ಲ, ಆಫೀಸಿನ ಕಾಗದ ಬಂದಿರಲಿಲ್ಲ. ಇಂಥ ಹೊತ್ತಿಗೆ ನಮ್ಮಲ್ಲಿ ಒಂದು ದಾರಿ ಇದೆ. ಬಲ್ಲವರು ಅದಕ್ಕೆ ಪ್ರಸ್ಥಾನ ಎನ್ನುತ್ತಾರೆ, ನಮ್ಮ ಓಣಿಯ ಬಾಯಲ್ಲಿ ಪರಸ್ತಾನ. ಆ ಒಳ್ಳೆಯ ದಿನದಂದು ಬಟ್ಟೆಯ ಒಂದು ಗಂಟು ಕಟ್ಟಿ, ಹೋಗಬೇಕಾದ ದಿಕ್ಕಿಗೆ ಇರುವ ಇನ್ನೊಬ್ಬರ ಮನೆಯಲ್ಲಿಟ್ಟು ಬಂದರೆ ಪ್ರಯಾಣ ಶುರುವಾದಂತೆ. ಆಮೇಲೆ ನಿಜವಾಗಿ ಹೊರಡುವ ದಿನ ಅದನ್ನು ಎತ್ತಿಕೊಂಡು ಮುಂದೆ ನಡೆಯಬೇಕು. ಒಂದೇ ಒಂದು ಕಟ್ಟುಪಾಡು, ಆ ಗಂಟು ಕಟ್ಟಿದವರ ಮನೆಗೆ ಹಿಂದಕ್ಕೆ ಬರಬಾರದು. ಬಂತೋ, ಪ್ರಯಾಣ ಮುರಿದಂತೆ.

ಬೆಳಗಾವಿ ಪಶ್ಚಿಮಕ್ಕೆ. ಅವಳ ಮನೆಯಿಂದ ಪಶ್ಚಿಮಕ್ಕೆ ನಮ್ಮದೇ ಮನೆ. ಬೆಳಿಗ್ಗೆ ತಲೆ ತುಂಬ ನೀರು ಹಾಕಿಕೊಂಡು ಬಂದು ಅಕ್ಕ ಗಂಟನ್ನು ಅವ್ವನ ಕೈಗೆ ಕೊಟ್ಟಳು. ಒಂದು ಹಸಿರು ಸೀರೆ, ಅರಿಶಿನ ಕೊಂಬು, ಅಡಿಕೆ, ಒಂದು ಬಟ್ಟಲು ಒಣಕೊಬ್ಬರಿ. ಸೀರೆಗೆ ನುಸಿ ಹಿಡಿಯಬಾರದೆಂದು ಅವ್ವ ಗುಳಿಗೆ ಹಾಕಿ ಪಡಸಾಲೆಯ ಗೂಡಿನಲ್ಲಿಟ್ಟಳು. "ಬೆಳಗಾವಿ ಮುಟ್ಟೇ ಬಿಟ್ಟಿ ಬಿಡು" ಎಂದು ನಗಾಡಿದಳು.

ಆಫೀಸಿನ ಕಾಗದ ಬಂತು. ಅಕ್ಕ ಹೊರಡಲಿಲ್ಲ. ಜ್ವರ ಬಂದಿದೆ ಎಂದಳು, ಬಂದಿತ್ತು. ಮನೆ ಮಾಲೀಕರು ಊರಲ್ಲಿಲ್ಲ ಎಂದಳು, ಇರಲಿಲ್ಲ. ಎದುರಿಗೆ ಯುಗಾದಿ ಇದೆ ಎಂದಳು, ಅದೂ ಇತ್ತು. ಎಲ್ಲವೂ ನಿಜವೇ. ಐನೋರಲ್ಲಿ ಮತ್ತೆ ಮತ್ತೆ ದಿನ ಕೇಳಿಸಿಕೊಂಡು ಬರುವಳು, ಗೂಡಿನ ಮುಂದೆ ನಿಂತು ಗಂಟನ್ನು ಮುಟ್ಟುವಳು, ಹೋಗುವಳು. ಬಿಸಿಲು ಏರಿದ ಹಾಗೆ ಒಳಗಿನ ಕೊಬ್ಬರಿ ಕಮಟಾಯಿತು. ನಾನು ಅದೇ ಗೂಡಿನ ಕೆಳಗೆ ಕೂತು ಓದುತ್ತಿದ್ದೆ. ಆ ವಾಸನೆ ನನ್ನ ಪುಸ್ತಕಗಳಿಗೂ ಹತ್ತಿತ್ತು.

ಕೊನೆಗೆ ಟಿಕೆಟ್ ತೆಗೆಸಿದಳು. ಟ್ರಂಕು ಕಟ್ಟಿದಳು. ಹೊರಡುವ ಹಿಂದಿನ ದಿನ ಬೆಳಿಗ್ಗೆ, ಓಣಿಯ ಹೆಂಗಸರೆಲ್ಲ ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದ ಹೊತ್ತಿಗೆ, ನಮ್ಮ ಅವ್ವ ಆ ಗಂಟನ್ನು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದಳು. ಅವರ ನಡುವೆಯೇ ಹಾದು ಹೋಗಿ ಅಕ್ಕನ ಬಾಗಿಲಲ್ಲಿ ನಿಂತು, ಗಂಟನ್ನು ಅವಳ ಕೈಗೆ ಕೊಟ್ಟು ಬಂದಳು.

ನಲ್ಲಿಯ ಹತ್ತಿರ ನಿಂತಿದ್ದ ಎದುರುಮನೆಯ ಮುದುಕಿ ಕೇಳಿದಳು, "ಏನು ಮಾಡಿದೆಬೇ, ತಿಳಿದು ಮಾಡಿದ್ಯೋ, ತಿಳೀದ ಮಾಡಿದ್ಯೋ?"

"ಗೋಡಿಗೆ ಸುಣ್ಣ ಹಚ್ಚಾಕತ್ತಿದ್ದೆ ಯಮ್ಮಾ. ಗಂಟು ಹೊಲಸಾಕ್ಕೈತಿ ಅಂತ ಕೊಟ್ಟು ಬಂದೆ" ಎಂದಳು ಅವ್ವ.

ಅಕ್ಕ ಬೆಳಗಾವಿಗೆ ಹೋಗಲಿಲ್ಲ. ಪರಸ್ತಾನ ಮುರಿದ ಮೇಲೆ ಹೋಗು ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆ ಕೆಲಸ ಬೇರೆಯವರ ಪಾಲಾಯಿತು. ಅವಳು ಕಿಟಕಿಯಲ್ಲಿ ಕೂತು, ಫೋನು ಸತ್ತುಹೋಗಿದೆ ಎಂದು ಜಗಳ ತೆಗೆಯುವವರ ದೂರು ಬರೆದುಕೊಳ್ಳುತ್ತ ರಿಟೈರ್ ಆದಳು. ನಡುನಡುವೆ ತಲೆಯ ಮೇಲೆ ಕೈಯಾಡಿಸಿಕೊಳ್ಳುತ್ತಿದ್ದಳು, ಆ ಗೆರೆ ಇದ್ದ ಜಾಗದಲ್ಲಿ.

ಓಣಿಯ ಮಾತೆಲ್ಲ ಬಿದ್ದದ್ದು ಅವ್ವನ ಮೇಲೆ. ಒಂದು ಹೆಣ್ಣಿನ ಬಾಳು ಹಾಳು ಮಾಡಿದಳು ಎಂದರು. ಹೊಟ್ಟೆಕಿಚ್ಚಿನಿಂದ ಮಾಡಿದಳು ಎಂದವರೂ ಇದ್ದರು. ಆಮೇಲೆ ಯಾರೂ ನಮ್ಮ ಮನೆಯಲ್ಲಿ ಪರಸ್ತಾನ ಇಡಲಿಲ್ಲ. ಊರಿಗೆ ಹೊರಟವರು ಅವ್ವ ಎದುರಾದರೆ ಒಳಗೆ ಹಿಂತಿರುಗಿ, ಒಂದು ಗುಟುಕು ನೀರು ಕುಡಿದು, ಕೂತು ಎದ್ದು ಬರುತ್ತಿದ್ದರು. ಅವ್ವ ಅದನ್ನು ನೋಡಿಯೂ ನಗುತ್ತಿದ್ದಳು. "ಈ ಓಣಿಗೆ ಬೆಕ್ಕು ಬ್ಯಾಡ, ನಾನಾ ಸಾಕು" ಅನ್ನುತ್ತಿದ್ದಳು. ಆದರೆ ಬರಬರುತ್ತ ಬೆಳಗಿನ ಬಸ್ಸಿನ ಹೊತ್ತಿಗೆ ಅವಳು ಹೊರಗೆ ಬರುವುದನ್ನೇ ಬಿಟ್ಟಳು. ರಂಗೋಲಿ ಹಾಕುವ ಕೆಲಸ ನನಗೆ ಬಂತು.

ನನಗೆ ತಿಳಿಯದೇ ಹೋದದ್ದು ಒಂದೇ. ಅವರಿಬ್ಬರ ಸಲಿಗೆ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಸಂಜೆ ಅದೇ ಕಟ್ಟೆ, ಅದೇ ಚಹಾ, ಒಗ್ಗರಣೆ ಮಂಡಕ್ಕಿಯ ಅದೇ ತಟ್ಟೆ. ಇವರಿಗೆ ಮಾನ ಮರ್ಯಾದೆ ಏನೂ ಇಲ್ಲವೇ ಎಂದು ನಾನು ಒಳಗೊಳಗೇ ಉರಿಯುತ್ತಿದ್ದೆ...

ಅವ್ವ ತೀರಿಕೊಂಡ ಮೇಲೆ, ಬಂದ ಜನ ಎಲ್ಲ ಹೋದ ಒಂದು ಮಧ್ಯಾಹ್ನ, ಅಕ್ಕ ಬಂದು ಇದೇ ಅಡುಗೆಮನೆಯಲ್ಲಿ ಕೂತಳು. ಆಗ ಅವಳಿಗೂ ವಯಸ್ಸಾಗಿತ್ತು, ಮೊಣಕಾಲು ಹಿಡಿದುಕೊಂಡು ಕೂರುತ್ತಿದ್ದಳು. ನಾನು ಕೊಟ್ಟ ಚಹಾ ಮುಟ್ಟಲಿಲ್ಲ.

"ಆ ಗಂಟು ನಿಮ್ಮವ್ವ ತಾನಾಗಿ ತಂದಿದ್ದಲ್ಲ. ನಾನಾ ತಾ ಅಂದಿದ್ದೆ" ಎಂದಳು. "ಯಕ್ಕಾ, ನನ್ನ ಕೈಲೆ ಹೋಗಾಕ ಆಗವಲ್ದು, ವಲ್ಲೆ ಅನ್ನಾಕೂ ಆಗವಲ್ದು. ನಾಕು ಮಂದಿ ನೋಡೂ ಹಂಗ ತಂದು ಕೊಟ್ಟುಬಿಡು ಅಂದೆ. ಸುಣ್ಣದ ಮಾತು ನಿಮ್ಮವ್ವ ತಾನಾ ಹುಟ್ಟಿಸಿದ್ಲು."

ನನಗೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. ಅವ್ವ ಬಾಗಿಲ ಹಿಂದೆ ನಿಂತು ಬಸ್ಸಿನ ಸದ್ದು ಹೋಗಲಿ ಎಂದು ಕಾಯುತ್ತಿದ್ದದ್ದು ಕಣ್ಣ ಮುಂದೆ ಬಂತು. "ಮತ್ತ ಯಾಕ ಹೇಳಲಿಲ್ಲ? ಸಾಯೂತನಕ ಬೈಸಿಕೊಂಡ್ಲಲ್ಲ ಆಕಿ" ಎಂದೆ.

"ಊರು ಬಿಟ್ಟು ಬಂದಾಕಿ ಅಂತ ನನಗ ಒಂದು ಹೆಸರಿತ್ತು ನೋಡು" ಎಂದಳು. "ಇಂಥಾಕಿಗೆ ಬೆಳಗಾವಿ ಅಂದ್ರ ಕಾಲು ನಡುಗತಾವು ಅಂತ ಹೆಂಗ ಹೇಳ್ಲಿ? ಎಮ್ಮಿಗನೂರಾಗ ನನಗ ಯಾರೂ ಬೇಕಾಗಿರಲಿಲ್ಲ, ಬಿಟ್ಟು ಬಂದೆ. ಇಲ್ಲಿ ನಿಮ್ಮವ್ವ ಇದ್ಲು. ದಿನಾ ಸಂಜಿಕ ಆ ಕಟ್ಟಿ ಮ್ಯಾಲೆ ಒಂದು ಮಾತಿತ್ತು. ಅದನ್ನ ಬಿಟ್ಟು ಹೋಗೂ ಗುಂಡಿಗಿ ನನಗಿರಲಿಲ್ಲ."

ಚಹಾದ ಲೋಟ ಪಕ್ಕಕ್ಕೆ ಸರಿಸಿ ಮತ್ತೆ ಅಂದಳು, "ಹೋಗಲಿಲ್ಲ ಅಂತ ನಾನು ಮರುಗಿಲ್ಲ. ನಾನಾ ವಲ್ಲೆ ಅಂತ ಬಾಯಿಬಿಟ್ಟು ಹೇಳಲಿಲ್ಲಲ್ಲ, ಅದಕ್ಕ ಮರುಗೀನಿ. ಒಂದು ಮಾತು ಸಾಕಿತ್ತು. ಅದನ್ನ ನಿಮ್ಮವ್ವನ ತಲಿ ಮ್ಯಾಲೆ ಹೊರಸಿದೆ, ಆಕಿ ಹೊತ್ಲು."

ನಾನು ಕೆಲವು ತಿಂಗಳು ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಯಾವಾಗಲೋ ಸಿಟ್ಟು ತಾನಾಗಿ ಇಳಿಯಿತು. ಸಂಜೆ ಕಟ್ಟೆಯ ಮೇಲೆ ಅವಳೊಬ್ಬಳೇ ಕೂತಿರುವುದು ನೋಡಲಾಗದೆ ಚಹಾ ತೆಗೆದುಕೊಂಡು ಹೋಗಿ ಕೂತೆ. ಅವಳು ಏನೂ ಆಗದವಳಂತೆ "ಲೈನ್ ಸಿಕ್ತೇನು?" ಎಂದು ಕೇಳಿದಳು. ಅವಳೂ ಹೋಗಿ ಈಗ ವರ್ಷಗಳಾದವು. ಮನೆ ಮಾಲೀಕರ ಮಕ್ಕಳು ಆ ಮನೆ ಕೆಡವಿ, ಹಂಪಿಗೆ ಬರುವವರು ಇಳಿದುಕೊಳ್ಳುವ ಹಿಂದಿನ ಬೀದಿಯ ಲಾಡ್ಜಿಗೆ ಕಾರು ನಿಲ್ಲಿಸಲು ಜಾಗ ಮಾಡಿಕೊಟ್ಟಿದ್ದಾರೆ.

ಇವತ್ತು ಭಾನುವಾರ. ಕೊಬ್ಬರಿ ಹಿಡಿದು ನಿಂತಾಗ ನಾನು ವಾರವಿಡೀ ಏನು ಮಾಡುತ್ತಿದ್ದೆ ಎಂಬುದು ಒಮ್ಮೆಲೇ ಹೊಳೆದು ನಾಚಿಕೆಯಾಯಿತು. ಆಫೀಸಿನಲ್ಲಿ "ಮನೆಯಲ್ಲಿ ಕೇಳಿ ಹೇಳ್ತೀನಿ" ಎಂದಿದ್ದೆ. ಮನೆಯಲ್ಲಿ "ಆಫೀಸಿನವರದೇ ಇನ್ನೂ ಖಚಿತ ಇಲ್ಲ" ಎಂದಿದ್ದೆ. ಗಂಡ ಬೇಡ ಅನ್ನಲಿ ಎಂದು ಕಾದಿದ್ದೆ. ಅಂದುಬಿಟ್ಟಿದ್ದರೆ ಬದುಕಿರುವವರೆಗೂ ಅದನ್ನೇ ಹಿಡಿದು ಅವರಿಗೆ ಚುಚ್ಚುತ್ತಿದ್ದೆ. ಯಾರಾದರೂ ಗಂಟು ತಂದು ನನ್ನ ಕೈಗೆ ಕೊಡಲಿ, ಅಷ್ಟೇ ನನಗೆ ಬೇಕಿದ್ದದ್ದು.

ಅಕ್ಕ ಹೆದರಿದ್ದಕ್ಕಿಂತ ನಾನೇನೂ ಕಡಿಮೆ ಹೆದರಿಲ್ಲ. ಬಂದರಿನ ಊರಿನಲ್ಲಿ ಒಬ್ಬಳೇ ಬಾಡಿಗೆ ಮನೆಯ ಬೀಗ ತೆಗೆಯುವುದನ್ನು ನೆನೆದರೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಆದರೂ ಹೋಗಬೇಕು ಅನ್ನಿಸುತ್ತಿತ್ತು. ಮೊದಲ ದಿನದಿಂದಲೂ ಅನ್ನಿಸುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಕೊಬ್ಬರಿಯನ್ನು ಕಿಟಕಿಯಲ್ಲಿಟ್ಟು, ರಜೆಯ ದಿನವಾದರೂ ಮ್ಯಾನೇಜರಿಗೆ ಫೋನ್ ಹಚ್ಚಿದೆ. "ಬರ್ತೀನ್ರಿ ಸರ್" ಎಂದೆ. ಅವರು ಮನೆಯಲ್ಲಿ ಎಲ್ಲರೂ ಒಪ್ಪಿದರೇ ಎಂದು ಕೇಳಿದರು. "ನಾನು ಬರ್ತೀನ್ರಿ" ಎಂದೆ.

ಫೋನು ಇಟ್ಟು ತಿರುಗಿದರೆ ನನ್ನ ಗಂಡ ಬಾಗಿಲಲ್ಲಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಮುಖ ಸಣ್ಣದಾಗಿತ್ತು, ಅದನ್ನು ಮುಚ್ಚಲು ಎಂದಿನಂತೆ ತಮಾಷೆಗೆ ಇಳಿದರು.

"ಮತ್ತ ಐನೋರ ಕಡೆ ದಿನ ಕೇಳಿ ಪರಸ್ತಾನ ಇಡೂದಿಲ್ಲೇನು?"

"ಯಾರ ಮನ್ಯಾಗ ಇಡ್ಲಿ?" ಎಂದೆ.

ಅವರು ಪೂರ್ವದ ಗೋಡೆಯ ಕಡೆ ನೋಡಿದರು. ಅದರಾಚೆ ಯಾವುದೋ ಕಾರು ಹಿಂದಕ್ಕೆ ಸರಿಯುತ್ತ ಒಂದೇ ಸಮನೆ ಕೂಗುತ್ತಿತ್ತು. ವಿಶಾಖಪಟ್ಟಣವೂ ಪೂರ್ವಕ್ಕೇ. ಗಂಟು ಇಡುವುದಿದ್ದರೆ ನಾನು ಇಡಬೇಕಾಗಿದ್ದದ್ದು ಅದೇ ಮನೆಯಲ್ಲಿ. ಟೆಲಿಫೋನ್ ಅಕ್ಕ ಇದ್ದಿದ್ದರೆ ಎರಡೂ ಕೈಯಲ್ಲಿ ಇಸಿದುಕೊಂಡು ಗೂಡಿನಲ್ಲಿಡುತ್ತಿದ್ದಳು. ನಾನು ಎಷ್ಟು ಅತ್ತು ಕರೆದು ಬೇಡಿಕೊಂಡರೂ ಈ ಸಲ ವಾಪಸು ಕೊಡುತ್ತಿರಲಿಲ್ಲ.